ಕುಗ್ಗಿಸಿದ ದನಿಯ ಚರಿತ್ರೆ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಹಲವರು ಈಚೆಗೆ ಒಂದೇ ಬಗೆಯ ಪ್ರಶ್ನೆಯನ್ನು ನನ್ನ ಮುಂದಿಡುತ್ತಿದ್ದಾರೆ. ಮನೆಯ ಹಿರಿಯರ ಹಾಡು, ಶಾಲಾ ವಾರ್ಷಿಕೋತ್ಸವದ ನಾಟಕ, ಯಾವುದೋ ಮದುವೆಯ ದಿನದ ಮಾತುಕತೆ, ಇಂಥವುಗಳ ಧ್ವನಿ ಕಡತಗಳು ಅವರ ಬಳಿ ಇವೆ. ಬಹುಪಾಲು ಎಂಪಿ3 ರೂಪದಲ್ಲಿವೆ. ಅವನ್ನು ಕತ್ತರಿಸಿ ಜೋಡಿಸುವ ಮುನ್ನ ‘ವೇವ್’ ಎಂಬ ರೂಪಕ್ಕೆ ಪರಿವರ್ತಿಸಿಕೊಳ್ಳಬೇಕೆಂದು ಬಲ್ಲವರು ಹೇಳುತ್ತಾರೆ. ಏಕೆ ಪರಿವರ್ತಿಸಬೇಕು? ಪರಿವರ್ತಿಸಿದ ಮಾತ್ರಕ್ಕೆ ದನಿ ಉತ್ತಮಗೊಳ್ಳುವುದೇ? ಇದು ಪ್ರಶ್ನೆ.

ಉತ್ತರವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಬಹುದು. ಆದರೆ ಹಾಗೆ ಹೇಳಿದ ಉತ್ತರ ಪರೀಕ್ಷೆಗೆ ಉರುಹೊಡೆದ ಸೂತ್ರದಂತೆ ಬೇಗ ಮರೆತುಹೋಗುತ್ತದೆ. ಈ ಸಣ್ಣ ಪ್ರಶ್ನೆಯ ಹಿಂದೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಅದರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿ ಓದಿದ ಒಬ್ಬರ ಪಾತ್ರವೂ ಇದೆ. ಆ ಚರಿತ್ರೆಯನ್ನು ತಿಳಿದರೆ ಉತ್ತರ ತಾನಾಗಿಯೇ ಮನದಟ್ಟಾಗುತ್ತದೆ.

ಒಂಬತ್ತನೆಯ ತರಗತಿಯಲ್ಲಿ ಶ್ರುತಿಕವೆಯನ್ನು ರಬ್ಬರ್ ತುಂಡಿಗೆ ಬಡಿದು, ಅದರ ತುದಿಯನ್ನು ನೀರಿಗೆ ಮುಟ್ಟಿಸಿ ತೋರಿಸಿದ್ದು ನಿಮಗೆ ನೆನಪಿರಬಹುದು. ಶಬ್ದವೆಂದರೆ ಕಂಪನ, ಆ ಕಂಪನ ಗಾಳಿಯಲ್ಲಿ ಒತ್ತಡದ ಏರಿಳಿತವಾಗಿ ಸಾಗಿ ಕಿವಿಯನ್ನು ಮುಟ್ಟುತ್ತದೆ. 1877ರಲ್ಲಿ ಎಡಿಸನ್ ನಿರ್ಮಿಸಿದ ಫೋನೋಗ್ರಾಫ್ ಈ ಏರಿಳಿತವನ್ನು ತವರದ ಹಾಳೆಯ ಮೇಲೆ ಗೀರಾಗಿ ಮೂಡಿಸಿತು. ಬಳಿಕ ಬಂದ ಗ್ರಾಮಫೋನ್ ತಟ್ಟೆಯಲ್ಲಿ ಅದು ತೋಡಾಯಿತು. ಟೇಪಿನಲ್ಲಿ ಕಾಂತೀಯ ಗುರುತಾಯಿತು. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟಿನಲ್ಲಿಯೂ ಇದೇ ತತ್ತ್ವ. ಇವೆಲ್ಲವುಗಳಲ್ಲಿ ಮೂಲ ತರಂಗದ ಆಕಾರವೇ ಇನ್ನೊಂದು ವಸ್ತುವಿನ ಮೇಲೆ ನೆರಳಿನಂತೆ ಬೀಳುತ್ತದೆ. ನೆರಳಿನ ನೆರಳು ಮಸುಕಾಗುವಂತೆ, ಪ್ರತಿಯಿಂದ ಪ್ರತಿ ತೆಗೆದಾಗಲೆಲ್ಲ ಸ್ವಲ್ಪ ಸ್ವಲ್ಪ ಹಿಸ್ಸೆಂಬ ಸದ್ದು ಸೇರಿ ದನಿ ಮಂಕಾಗುತ್ತಿತ್ತು.

ಈ ದೋಷಕ್ಕೆ ಪರಿಹಾರ ಹೊಳೆದದ್ದು ಅಲೆಕ್ ರೀವ್ಸ್ ಎಂಬ ಬ್ರಿಟಿಷ್ ಎಂಜಿನಿಯರಿಗೆ. ಪ್ಯಾರಿಸ್ಸಿನ ದೂರವಾಣಿ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಅವರು 1937ರಲ್ಲಿ ಒಂದು ಹೊಸ ಆಲೋಚನೆಯನ್ನು ಮುಂದಿಟ್ಟರು. ತರಂಗವನ್ನು ತರಂಗವಾಗಿಯೇ ಕಳಿಸುವ ಬದಲು, ಸಮಾನ ಅಂತರದ ಕ್ಷಣಗಳಲ್ಲಿ ಅದರ ಎತ್ತರವನ್ನು ಅಳೆದು, ಆ ಅಳತೆಗಳನ್ನು ಸಂಖ್ಯೆಗಳಾಗಿ ಕಳಿಸಬಾರದೇಕೆ? ಸಂಖ್ಯೆಯನ್ನು ಎಷ್ಟು ಬಾರಿ ನಕಲು ಮಾಡಿದರೂ ಅದು ಮಾಸುವುದಿಲ್ಲ; 27ನ್ನು ನೂರು ಜನ ಒಬ್ಬರಿಂದೊಬ್ಬರು ಸರಿಯಾಗಿ ನೋಡಿ ಬರೆದುಕೊಂಡರೂ ಕೊನೆಯವನ ಪುಸ್ತಕದಲ್ಲಿ 27 ಎಂದೇ ಇರುತ್ತದೆ. ರೀವ್ಸ್ ಅವರ ಈ ವಿಧಾನಕ್ಕೆ ಪಲ್ಸ್ ಕೋಡ್ ಮಾಡ್ಯುಲೇಷನ್, ಅಂದರೆ ಪಿಸಿಎಂ ಎಂದು ಹೆಸರು. ಅಂದಿನ ನಿರ್ವಾತ ಕೊಳವೆಗಳ ಕಾಲದಲ್ಲಿ ಅದನ್ನು ಅಗ್ಗವಾಗಿ ಕಾರ್ಯಗತಗೊಳಿಸುವುದು ಸಾಧ್ಯವಿರಲಿಲ್ಲ. ಆಲೋಚನೆ ಟ್ರಾನ್ಸಿಸ್ಟರಿಗಾಗಿ ಕಾದು ಕುಳಿತಿತು.

ಸೆಕೆಂಡಿಗೆ ಎಷ್ಟು ಬಾರಿ ಅಳೆದರೆ ಸಾಕು? ಇದಕ್ಕೆ ಗಣಿತದ ಉತ್ತರವನ್ನು ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ 1949ರಲ್ಲಿ ಸ್ಪಷ್ಟಪಡಿಸಿದರು. ಅದಕ್ಕೂ ಮೊದಲೇ, 1928ರಲ್ಲಿ, ಹ್ಯಾರಿ ನೈಕ್ವಿಸ್ಟ್ ಆ ದಾರಿಯನ್ನು ತೋರಿಸಿದ್ದರು. ದನಿಯಲ್ಲಿರುವ ಅತ್ಯಧಿಕ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲ ತರಂಗವನ್ನು ಪೂರ್ಣವಾಗಿ ಮರಳಿ ಕಟ್ಟಬಹುದು. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಆದ್ದರಿಂದ 40,000ಕ್ಕಿಂತ ತುಸು ಹೆಚ್ಚು ಅಳತೆಗಳು ಬೇಕು. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿ, 1982ರ ಅಕ್ಟೋಬರ್ 1ರಂದು ಜಪಾನಿನ ಮಾರುಕಟ್ಟೆಗೆ ತಂದ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ನಮ್ಮ ಸಿಡಿ, ಸೆಕೆಂಡಿಗೆ 44,100 ಅಳತೆಗಳನ್ನು ಇಟ್ಟುಕೊಂಡಿತು. ಪ್ರತಿ ಅಳತೆಗೂ 16 ಬಿಟ್‌ಗಳು; ಎಡ ಬಲ ಎರಡು ವಾಹಿನಿಗಳು.

ಈಗ ಸ್ವಲ್ಪ ಲೆಕ್ಕ ಮಾಡೋಣ. ನನ್ನ ತರಗತಿಯಲ್ಲಿ ಲೆಕ್ಕವಿಲ್ಲದೆ ಪಾಠ ಮುಗಿಯುತ್ತಿರಲಿಲ್ಲವೆಂಬುದು ನಿಮಗೆ ಗೊತ್ತೇ ಇದೆ. 44,100ನ್ನು 16ರಿಂದ, ಮತ್ತೆ 2ರಿಂದ ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳಾಗುತ್ತವೆ. ಒಂದು ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್. ನಾಲ್ಕು ನಿಮಿಷದ ಹಾಡಿಗೆ 42 ಮೆಗಾಬೈಟಿಗೂ ಮೇಲೆ. ಕಂಪ್ಯೂಟರಿನಲ್ಲಿ ಇಂಥ ಅಳತೆಗಳ ಸಾಲನ್ನು ಹಾಗೆಯೇ, ಏನನ್ನೂ ಬಿಡದೆ, ಬರೆದಿಡುವ ಪೆಟ್ಟಿಗೆಗಳಾಗಿ ಎರಡು ಕಡತ ರೂಪಗಳು ಬಂದವು. ಆಪಲ್ ಸಂಸ್ಥೆಯ ‘ಎಐಎಫ್‌ಎಫ್’ 1988ರಲ್ಲಿಯೂ, ಮೈಕ್ರೋಸಾಫ್ಟ್ ಮತ್ತು ಐಬಿಎಂ ಕೂಡಿ ರೂಪಿಸಿದ ‘ವೇವ್’ 1991ರಲ್ಲಿಯೂ ಹುಟ್ಟಿದವು. ಅಸಂಕುಚಿತ ರೂಪವೆಂದರೆ ಸಾಮಾನ್ಯವಾಗಿ ಇವೇ. ಹೆಸರು ಬೇರೆಯಾದರೂ ಒಳಗಿರುವುದು ರೀವ್ಸ್ ಕಂಡ ಸಂಖ್ಯೆಗಳ ಸಾಲು.

1990ರ ದಶಕದ ಕಂಪ್ಯೂಟರಿಗೆ 42 ಮೆಗಾಬೈಟ್ ಭಾರವಾದ ಹೊರೆ. ಅಂದಿನ ದೂರವಾಣಿ ತಂತಿಯ ಮೇಲೆ 28.8 ಕಿಲೋಬಿಟ್ ವೇಗದ ಮೋಡೆಮ್ ಮೂಲಕ ಅಂಥ ಒಂದು ಹಾಡನ್ನು ಇಳಿಸಿಕೊಳ್ಳಲು, ತಂತಿ ಎಲ್ಲಿಯೂ ಕಡಿದುಹೋಗದಿದ್ದರೂ, ಮೂರು ಗಂಟೆಗೂ ಹೆಚ್ಚು ಹೊತ್ತು ಬೇಕು. ಹೀಗಾಗಿ ದನಿಯನ್ನು ಕುಗ್ಗಿಸುವ ವಿದ್ಯೆ ಅನಿವಾರ್ಯವಾಯಿತು.

ಆ ವಿದ್ಯೆಯ ಒಂದು ಬೇರು ಕಿವಿಯಲ್ಲಿದೆ. ಜಾತ್ರೆಯಲ್ಲಿ ಡೊಳ್ಳು ಬಡಿಯುತ್ತಿರುವಾಗ ಪಕ್ಕದಲ್ಲಿ ನಿಂತವರ ಪಿಸುಮಾತು ಕೇಳಿಸುವುದಿಲ್ಲ. ಪಿಸುಮಾತು ಗಾಳಿಯಲ್ಲಿ ಇದ್ದೇ ಇದೆ. ಆದರೆ ನಮ್ಮ ಕಿವಿಗೆ ಅದು ಇಲ್ಲ. ಒಂದು ಸದ್ದು ಇನ್ನೊಂದನ್ನು ಮರೆಮಾಡುವ ಈ ಗುಣವನ್ನು ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್, ಜರ್ಮನಿಯ ಎಬರ್‌ಹಾರ್ಡ್ ಟ್ಸ್ವಿಕರ್ ಮೊದಲಾದವರು ದಶಕಗಳ ಕಾಲ ಅಳೆದು ನೋಡಿದರು. ದೊಡ್ಡ ಸದ್ದು ತನ್ನ ಆವೃತ್ತಿಗೆ ಸಮೀಪವಿರುವ ಸಣ್ಣ ಸದ್ದುಗಳನ್ನು ಹೆಚ್ಚಾಗಿ ನುಂಗುತ್ತದೆ. ತಾನು ಮುಗಿದ ಮೇಲೂ ಅಲ್ಪ ಕಾಲ ನುಂಗುತ್ತದೆ. ಹಾಗಾದರೆ ಕೇಳಿಸದ ಸದ್ದನ್ನು ಬರೆದಿಡುವ ಗೊಡವೆ ಏಕೆ ಎಂಬುದು ಕುಗ್ಗಿಸುವವರ ವಾದ.

ಇನ್ನೊಂದು ಬೇರು ಗಣಿತದಲ್ಲಿದೆ. ಅಲ್ಲಿಯೇ ನಮ್ಮ ಬೆಂಗಳೂರಿನವರು ಬರುತ್ತಾರೆ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. 1961ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದದ್ದು, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಆರಂಭವಾಗಿ ಇಂದು ಅವರ ಹೆಸರನ್ನೇ ಹೊತ್ತಿರುವ ಕೆ.ಆರ್. ವೃತ್ತದ ಕಾಲೇಜಿನಲ್ಲಿ. ಬಳಿಕ ಅಮೆರಿಕಕ್ಕೆ ತೆರಳಿ, ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದು, ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಸಂಕೇತಗಳನ್ನು ಕೊಸೈನ್ ತರಂಗಗಳ ಮೊತ್ತವಾಗಿ ಬಿಡಿಸಿದರೆ, ಅದರ ಸತ್ವವೆಲ್ಲ ಕೆಲವೇ ಸಂಖ್ಯೆಗಳಲ್ಲಿ ಕ್ರೋಡೀಕೃತವಾಗುವುದೆಂದು ಅವರಿಗೆ ತೋರಿತು. 1972ರಲ್ಲಿ ಈ ಅಧ್ಯಯನಕ್ಕೆ ಧನಸಹಾಯ ಕೋರಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಬರೆದುಕೊಂಡರು. ಸಹಾಯ ದೊರೆಯಲಿಲ್ಲ. ಈ ವಿಚಾರ ತೀರ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹ್ಮದ್ ಅವರೇ ಮುಂದೆ ಬರೆದಿದ್ದಾರೆ. ಆದರೂ ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಟೆಕ್ಸಾಸಿನಲ್ಲಿದ್ದ ಕೆ.ಆರ್. ರಾವ್ ಅವರೊಡನೆ 1973ರ ಬೇಸಿಗೆಯನ್ನು ಇದಕ್ಕೇ ಮೀಸಲಿಟ್ಟರು. 1974ರ ಜನವರಿಯಲ್ಲಿ ಪ್ರಬಂಧ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಆ ವಿಧಾನ ಇಂದು ನೀವು ಮೊಬೈಲಿನಲ್ಲಿ ತೆಗೆಯುವ ಜೆಪೆಗ್ ಚಿತ್ರದ ಒಳಗೆ ಇದೆ. ಅದೇ ಮರದ ಒಂದು ಕೊಂಬೆಯನ್ನು ಪ್ರಿನ್ಸೆನ್, ಜಾನ್ಸನ್, ಬ್ರಾಡ್ಲಿ ಎಂಬವರು 1987ರಲ್ಲಿ ಧ್ವನಿಗೆ ಒಗ್ಗುವಂತೆ ಬೆಳೆಸಿದರು. ಎಂಪಿ3 ಬಳಸುವುದು ಆ ಕೊಂಬೆಯನ್ನು. ತೀರ ಸರಳವೆಂದು ಬದಿಗೆ ಸರಿಸಿದ ವಿಚಾರ ಹೀಗೆ ಲೋಕವನ್ನೆಲ್ಲ ವ್ಯಾಪಿಸಿತು. ಸರಳವಾದ ಪ್ರಶ್ನೆ ಕೇಳಲು ನಾಚಬೇಡಿರೆಂದು ನಿಮಗೆ ಹೇಳುತ್ತಿದ್ದೆನಲ್ಲವೇ?

ಕಿವಿ ಮತ್ತು ಗಣಿತ ಎರಡನ್ನೂ ಕೂಡಿಸಿದ ಕೆಲಸ ಮುಖ್ಯವಾಗಿ ನಡೆದದ್ದು ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೀಟರ್ ಜೈಟ್ಸರ್ ಅವರಿಗೆ ದೂರವಾಣಿ ತಂತಿಯ ಮೂಲಕ ಸಂಗೀತ ಕಳಿಸಬೇಕೆಂಬ ಹಂಬಲ. ಅದು ಅಸಾಧ್ಯವೆಂದು ಪೇಟೆಂಟ್ ಪರೀಕ್ಷಕರು ಅರ್ಜಿಯನ್ನು ತಿರಸ್ಕರಿಸಿದರು. ಜೈಟ್ಸರ್ ಅವರ ಶಿಷ್ಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಅದೇ ವಿಷಯವನ್ನು ಕೈಗೆತ್ತಿಕೊಂಡು 1989ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಮುಗಿಸಿದರು. ಫ್ರಾನ್‌ಹೋಫರ್ ಸಂಸ್ಥೆಯ ಅವರ ತಂಡ ವಿಧಾನವನ್ನು ತಿದ್ದುತ್ತಿದ್ದ ದಿನಗಳಲ್ಲಿ ಅಮೆರಿಕದ ಗಾಯಕಿ ಸುಜಾನ್ ವೇಗಾ ಅವರ ‘ಟಾಮ್ಸ್ ಡೈನರ್’ ಎಂಬ ಹಾಡು ಅವರಿಗೆ ಒರೆಗಲ್ಲಾಯಿತು. ಪಕ್ಕವಾದ್ಯವೇ ಇಲ್ಲದ, ಬರಿಯ ಕಂಠದ ಹಾಡು ಅದು. ತುಂಬು ವಾದ್ಯಮೇಳವನ್ನು ತಕ್ಕಮಟ್ಟಿಗೆ ನಿಭಾಯಿಸುತ್ತಿದ್ದ ವಿಧಾನ ಒಂಟಿ ಹೆಣ್ಣುದನಿಯ ಮುಂದೆ ಸೋತಿತು. ದನಿ ಕರ್ಕಶವಾಗಿ ಕೇಳಿಸಿತು. ಬ್ರಾಂಡೆನ್‌ಬರ್ಗ್ ಅದನ್ನು ಮತ್ತೆ ಮತ್ತೆ ಕೇಳಿ ತಮ್ಮ ವಿಧಾನವನ್ನು ತಿದ್ದಿದರು. ಕಿವಿಯಿಂದ ಏನನ್ನಾದರೂ ಅಡಗಿಸಿಡಲು ಬೇರೆ ಸದ್ದಿನ ಮರೆ ಬೇಕು. ಒಂಟಿ ದನಿಯಲ್ಲಿ ಆ ಮರೆ ಇಲ್ಲ. ಈ ಅಂಶವನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಈ ವಿಧಾನ 1992ರಲ್ಲಿ ಅಂತರರಾಷ್ಟ್ರೀಯ ಮಾನಕದ ಒಂದು ಭಾಗವಾಗಿ ಅಂತಿಮಗೊಂಡಿತು. 1995ರ ಜುಲೈ 14ರಂದು ಫ್ರಾನ್‌ಹೋಫರ್ ತಂಡ ಕಡತದ ಹೆಸರಿನ ಬಾಲವಾಗಿ ‘ಎಂಪಿ3’ ಎಂಬುದನ್ನು ಆಯ್ದುಕೊಂಡಿತು. ಅದಾದ ಒಂದು ತಿಂಗಳಿಗೆ, ಅದೇ ವರ್ಷದ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆಯಿತು. 128 ಕಿಲೋಬಿಟ್‌ನ ಎಂಪಿ3ಯಲ್ಲಿ ನಾಲ್ಕು ನಿಮಿಷದ ಹಾಡು ನಾಲ್ಕು ಮೆಗಾಬೈಟಿಗಿಂತ ಕಡಿಮೆ. ಮೂರು ಗಂಟೆಯ ಕಾಯುವಿಕೆ ಹದಿನೆಂಟು ನಿಮಿಷಕ್ಕೆ ಇಳಿಯಿತು. ಒಂದು ಸಿಡಿಯಲ್ಲಿ ನೂರಕ್ಕೂ ಹೆಚ್ಚು ಹಾಡುಗಳು ಹಿಡಿಸಿದವು. ಊರೂರಿನ ಅಂಗಡಿಗಳಲ್ಲಿ ಅಂಥ ಸಿಡಿಗಳು ತೂಗಾಡಿದ ಕಾಲವನ್ನು ನೀವೂ ಕಂಡಿದ್ದೀರಿ. ಎಂಪಿ3ಯ ಪೇಟೆಂಟುಗಳ ಅವಧಿ ಮುಗಿದು, 2017ರಲ್ಲಿ ಅದರ ಪರವಾನಗಿ ವ್ಯವಸ್ಥೆಯೂ ಕೊನೆಗೊಂಡಿತು. ಆದರೆ ಆ ರೂಪ ಇಂದಿಗೂ ಬಳಕೆಯಲ್ಲಿದೆ.

ಎಂಪಿ3 ಮಾಡುವ ಕೆಲಸವನ್ನು ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಅದು ಸಾರಾಂಶ ಲೇಖನ. ದನಿಯನ್ನು 1152 ಅಳತೆಗಳ ಚೌಕಟ್ಟುಗಳಾಗಿ, ಅಂದರೆ ಸೆಕೆಂಡಿನ ಸುಮಾರು 26 ಸಾವಿರಾಂಶದಷ್ಟು ಉದ್ದದ ತುಂಡುಗಳಾಗಿ ಒಡೆಯುತ್ತದೆ. ಪ್ರತಿ ತುಂಡಿನಲ್ಲಿಯೂ ಯಾವ ಆವೃತ್ತಿ ಎಷ್ಟಿದೆ ಎಂದು ಕಂಡುಕೊಂಡು, ಮುಖ್ಯವಾದುದನ್ನು ನಿಖರವಾಗಿಯೂ, ಮರೆಯಾಗುವಂಥದ್ದನ್ನು ಒರಟಾಗಿಯೂ ಬರೆಯುತ್ತದೆ. ಕೇಳಿಸದು ಎಂದು ತೋರಿದ್ದನ್ನು ಬಿಟ್ಟೇಬಿಡುತ್ತದೆ. ಮೂರು ಪುಟದ ಪಾಠವನ್ನು ಅರ್ಧ ಪುಟದ ಸಾರಾಂಶವಾಗಿ ಬರೆದ ಹುಡುಗ ಜಾಣನೇ ಇರಬಹುದು. ಆದರೆ ಆ ಸಾರಾಂಶವನ್ನು ಇನ್ನೊಬ್ಬನ ಕೈಗೆ ಕೊಟ್ಟು ಮೂಲ ಪಾಠವನ್ನು ಅಕ್ಷರಶಃ ಬರೆ ಎಂದರೆ ಸಾಧ್ಯವೇ? ಅವನು ಮೂರು ಪುಟ ತುಂಬಿಸಬಲ್ಲ. ಮೂಲದ ವಾಕ್ಯಗಳು ಮಾತ್ರ ಅಲ್ಲಿರುವುದಿಲ್ಲ.

ಎಂಪಿ3ಯನ್ನು ವೇವ್ ಮಾಡುವುದೂ ಹೀಗೆಯೇ. ಕಡತ ಹನ್ನೊಂದು ಪಟ್ಟು ಹಿಗ್ಗುತ್ತದೆ, ದನಿ ಹಿಗ್ಗುವುದಿಲ್ಲ. ಬೆಲ್ಲವನ್ನು ನೀರಿನಲ್ಲಿ ಕರಗಿಸಿದರೆ ಪಾನಕವಾದೀತೇ ಹೊರತು ಕಬ್ಬಿನ ಹಾಲಾಗದು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಷ್ಟೇ: ಪರಿವರ್ತನೆಯಿಂದ ದನಿ ಉತ್ತಮಗೊಳ್ಳುವುದಿಲ್ಲ. ಇನ್ನಷ್ಟು ಕೆಡದಂತೆ ತಡೆಯುವುದೇ ಅದರ ಪ್ರಯೋಜನ.

ಇನ್ನಷ್ಟು ಕೆಡುವುದೆಂದರೆ ಏನೆಂಬುದನ್ನು ನಮ್ಮ ಮನೆಯ ಒಂದು ಸಂಗತಿಯಿಂದ ಹೇಳುತ್ತೇನೆ. ಬಂಧುಗಳಿಗೆ ಇದು ಅಷ್ಟಿಷ್ಟು ತಿಳಿದದ್ದೇ. ನಮ್ಮ ದೊಡ್ಡತ್ತಿಗೆ ಸೋಬಾನೆ ಪದಗಳಿಗೆ ಹೆಸರಾದವರು. 1988ರಲ್ಲಿ ನಮ್ಮ ಮನೆಯ ಮದುವೆಯೊಂದರಲ್ಲಿ, ಅರಿಸಿನ ಕುಟ್ಟುವ ಶಾಸ್ತ್ರದ ಹೊತ್ತಿನಲ್ಲಿ, ಅವರು ಒನಕೆ ಹಿಡಿದು ಹಾಡಿದ್ದನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಿದ್ದೆವು. ಅವರು ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, 2004ರಲ್ಲಿ, ಅಣ್ಣನ ಮಗ ಅದನ್ನು ಸಿಡಿಗೆ ಹಾಕಿಸಲು ಪೇಟೆಯ ಒಂದು ಅಂಗಡಿಗೆ ಕೊಟ್ಟ. ಅಂಗಡಿಯವರು ಸಿಡಿಯನ್ನೇನೋ ಕೊಟ್ಟರು. ಕ್ಯಾಸೆಟ್ಟು ಮರಳಿ ಬರಲಿಲ್ಲ. ಕೇಳಿದಾಗ, ಇನ್ನು ಅದೇಕೆ ಬೇಕು, ಎಲ್ಲವೂ ಸಿಡಿಯಲ್ಲಿದೆಯಲ್ಲ ಎಂಬ ಉತ್ತರ ಬಂತು. ಸಿಡಿಯಲ್ಲಿದ್ದುದು 32 ಕಿಲೋಬಿಟ್‌ನ, ಸೆಕೆಂಡಿಗೆ 22,050 ಅಳತೆಗಳ ಎಂಪಿ3 ಕಡತ. ಅಳತೆಗಳು ಅಷ್ಟೇ ಇದ್ದರೆ 11,025 ಹರ್ಟ್ಸ್‌ಗಿಂತ ಮೇಲಿನ ಯಾವ ಸದ್ದೂ ಅದರಲ್ಲಿ ಇರಲಾರದೆಂದು ಶಾನನ್ ಅವರ ನಿಯಮವೇ ಹೇಳುತ್ತದೆ.

ಅಣ್ಣನ ಮಗ ಆ ಕಡತದಲ್ಲಿದ್ದ ವಿದ್ಯುತ್ತಿನ ಗುಂಯ್‌ಗುಡುವ ಸದ್ದನ್ನು ತೆಗೆಯಲು ಹೊರಟ. ತೆಗೆದು ಮತ್ತೆ ಎಂಪಿ3 ಆಗಿ ಉಳಿಸಿದ. ಮರುದಿನ ಅದನ್ನೇ ತೆರೆದು ನಡುವಣ ಮಾತುಗಳನ್ನು ಕತ್ತರಿಸಿ ಮತ್ತೆ ಎಂಪಿ3 ಮಾಡಿದ. ಇನ್ನೊಂದು ದಿನ ದನಿಯ ಎತ್ತರವನ್ನು ಹೆಚ್ಚಿಸಿ ಮೂರನೆಯ ಬಾರಿ. ಸಾರಾಂಶದ ಸಾರಾಂಶ, ಅದರ ಮೇಲೊಂದು ಸಾರಾಂಶ. ಕೊನೆಗೆ ಅತ್ತಿಗೆ ನೀರಿನೊಳಗೆ ಕುಳಿತು ಹಾಡಿದಂತೆ ಕೇಳಿಸುತ್ತಿತ್ತು. ಅವನ ಮಗಳು ಅದನ್ನು ಕೇಳಿ, ಅಜ್ಜಿಯ ದನಿ ಹೀಗೇ ಇತ್ತೇ ತಾತ, ಎಂದು ನನ್ನನ್ನು ಕೇಳಿದಳು. ಆ ಮಗು ಅಜ್ಜಿಯನ್ನು ಕಂಡದ್ದಿಲ್ಲ. ಅವಳ ಪಾಲಿಗೆ ಅಜ್ಜಿಯೆಂದರೆ ಆ ಕಡತವೇ. ಹೀಗಿರಲಿಲ್ಲ ಎಂದು ಬಾಯಲ್ಲಿ ಹೇಳಬಹುದು, ತೋರಿಸುವುದು ಹೇಗೆ?

ಸಿಡಿ ಇನ್ನೂ ಓಡುತ್ತಿದ್ದುದು ನಮ್ಮ ಪುಣ್ಯ. ಮೊದಲ ಎಂಪಿ3ಯನ್ನು ಅದರಿಂದ ತೆಗೆದು, ಒಮ್ಮೆ ವೇವ್ ಮಾಡಿ, ಮುಂದಿನ ಕೆಲಸವನ್ನೆಲ್ಲ ವೇವ್‌ನಲ್ಲಿಯೇ ನಡೆಸಿದೆವು. 50 ಹರ್ಟ್ಸ್‌ನ ಗುಂಯ್‌ದನಿ ಹೋಯಿತು, ಅತ್ತಿಗೆಯ ಕಂಠ ಗುರುತು ಸಿಗುವಷ್ಟಾಯಿತು. ಆದರೂ ಒನಕೆಯ ಪ್ರತಿ ಪೆಟ್ಟಿಗೂ ಕ್ಷಣಮಾತ್ರ ಮುಂಚೆ ಒಂದು ಮಸುಕು ಸದ್ದು ಉಳಿದುಕೊಂಡಿತು. ಇದು ಎಂಪಿ3ಯ ಪ್ರಸಿದ್ಧ ದೋಷ. ನಿಶ್ಶಬ್ದದ ನಡುವೆ ಥಟ್ಟನೆ ಬೀಳುವ ಪೆಟ್ಟನ್ನು ಒರಟಾಗಿ ಬರೆದಾಗ, ಆ ಒರಟುತನ ಇಡೀ ತುಂಡಿನ ಉದ್ದಕ್ಕೂ ಹರಡಿ, ಪೆಟ್ಟಿಗಿಂತ ಮುಂಚೆಯೇ ಅದರ ನೆರಳು ಕೇಳಿಸುತ್ತದೆ. ಒಮ್ಮೆ ಸೇರಿದ ಮೇಲೆ ಅದನ್ನು ಪೂರ್ತಿ ತೆಗೆಯುವ ಉಪಾಯವಿಲ್ಲ.

ಮುಂದೆ ಹುಬ್ಬಳ್ಳಿಯಲ್ಲಿರುವ ಅಕ್ಕನ ಮಗಳ ಮನೆಯಲ್ಲಿ ಅದೇ ಕ್ಯಾಸೆಟ್ಟಿನ ಪ್ರತಿಯೊಂದು ದೊರೆಯಿತು. ಅಂದಿನ ದಿನಗಳಲ್ಲಿ ಎರಡು ಬಾಯಿಯ ಟೇಪ್ ರೆಕಾರ್ಡರಿನಲ್ಲಿ ಮಾಡಿಕೊಂಡ ನಕಲು. ಹಿಸ್ಸೆಂಬ ಸದ್ದು ಧಾರಾಳವಾಗಿತ್ತು. ಅದನ್ನು ಸೆಕೆಂಡಿಗೆ 96,000 ಅಳತೆ, ಅಳತೆಗೆ 24 ಬಿಟ್‌ನಂತೆ ನೇರವಾಗಿ ವೇವ್ ಆಗಿ ದಾಖಲಿಸಿ ಕೇಳಿದಾಗ, ಹಿಸ್ಸಿನ ಹಿಂದೆ ಅತ್ತಿಗೆಯ ಕೈಬಳೆಗಳ ಸದ್ದಿತ್ತು. ಒನಕೆ ಏರುವಾಗ ಒಂದು ಬಗೆ, ಇಳಿಯುವಾಗ ಒಂದು ಬಗೆ. ಪದದ ಸಾಲು ಮುಗಿದು ಮುಂದಿನದು ತೊಡಗುವ ಮುನ್ನ ಅವರು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಸಿಡಿಯ ಕಡತದಲ್ಲಿ ಬಳೆಗಳಿದ್ದ ಜಾಗದಲ್ಲಿ ಸರಸರ ಎಂಬ ಒಂದು ಕಲಸಿದ ಸದ್ದು ಮಾತ್ರ. ಒಂಟಿ ಹೆಣ್ಣುದನಿ, ನಡುವೆ ನಿಶ್ಶಬ್ದ, ಥಟ್ಟನೆ ಬೀಳುವ ಪೆಟ್ಟು: ಎರ್ಲಾಂಗೆನ್ನಿನ ವಿಜ್ಞಾನಿಗಳನ್ನು ಕಾಡಿದ ತೊಡಕುಗಳೆಲ್ಲ ನಮ್ಮ ಹಜಾರದ ಒಂದು ಪದದಲ್ಲಿ ಕೂಡಿದ್ದವು. ಎರಡನ್ನೂ ಆ ಹುಡುಗಿಗೆ ಒಂದಾದ ಮೇಲೊಂದು ಕೇಳಿಸಿದೆ. ಹೆಚ್ಚು ವಿವರಿಸಬೇಕಾಗಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ತಿದ್ದುವ ಮುನ್ನ ಏಕೆ ಪರಿವರ್ತಿಸಬೇಕು? ಕಾರಣಗಳು ಮೂರು. ಮೊದಲನೆಯದು, ಮೇಲೆ ಕಂಡಂತೆ, ಪ್ರತಿ ಬಾರಿ ಕುಗ್ಗಿಸಿದಾಗಲೂ ನಷ್ಟವಾಗುತ್ತದೆ. ನಡುವಣ ಹಂತಗಳೆಲ್ಲ ವೇವ್‌ನಲ್ಲಿದ್ದರೆ ನಷ್ಟ ಹಿಂದೆ ಆದಷ್ಟಕ್ಕೆ ನಿಲ್ಲುತ್ತದೆ. ಎರಡನೆಯದು, ಎಂಪಿ3ಯನ್ನು ಬಿಡಿಸದೆ ಹಾಗೆಯೇ ಕತ್ತರಿಸುವ ತಂತ್ರಾಂಶಗಳು ಇವೆಯಾದರೂ ಅವು ಚೌಕಟ್ಟಿನ ಅಂಚಿನಲ್ಲಿ ಮಾತ್ರ ಕತ್ತರಿಸಬಲ್ಲವು. ವೇವ್‌ನಲ್ಲಿ ಒಂದೊಂದು ಅಳತೆಯ ಲೆಕ್ಕದಲ್ಲಿ, ಅಂದರೆ ಉಸಿರಿಗೂ ಅಕ್ಷರಕ್ಕೂ ನಡುವೆ ಬೇಕಾದಲ್ಲಿ ಕತ್ತರಿ ಹಾಕಬಹುದು. ಮೂರನೆಯದು, ಕುಗ್ಗಿಸುವಾಗ ಕಡತದ ತಲೆಗೆ ಅಲ್ಪ ನಿಶ್ಶಬ್ದ ಸೇರಿಕೊಳ್ಳುತ್ತದೆ. ಸಾಮಾನ್ಯವಾಗಿ ಅದು ಸಾವಿರಕ್ಕೂ ಹೆಚ್ಚು ಅಳತೆಗಳಷ್ಟು. ತುಂಡುಗಳನ್ನು ಒಂದಕ್ಕೊಂದು ಜೋಡಿಸುವಾಗ ಹಾಡಿನ ನಡುವೆ ಈ ನಿಶ್ಶಬ್ದ ಎಡವಿದಂತೆ ಕೇಳಿಸುತ್ತದೆ. ಅಸಂಕುಚಿತ ರೂಪದಲ್ಲಿ ಜೋಡಿಸಿದರೆ ಈ ತೊಡಕಿಲ್ಲ.

ಮಾಡುವ ಕ್ರಮವೂ ಕಠಿಣವಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಆರಂಭಿಸಿ 2000ದಲ್ಲಿ ಬಿಡುಗಡೆಯಾದ ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ನಮ್ಮಂಥವರಿಗೆ ಸಾಕು. ಮೊದಲು ಮೂಲ ಕಡತದ ಪ್ರತಿ ಮಾಡಿ, ಮೂಲವನ್ನು ಬೇರೆ ಕಡೆ ಮುಟ್ಟದೆ ಇಡಿರಿ. ಪ್ರತಿಯನ್ನು ತೆರೆದು, ಸೆಕೆಂಡಿಗೆ ಎಷ್ಟು ಅಳತೆಗಳಿವೆಯೋ ಅಷ್ಟನ್ನೇ ಉಳಿಸಿಕೊಳ್ಳಿರಿ. 22,050 ಇದ್ದುದನ್ನು 96,000ಕ್ಕೆ ಏರಿಸಿದರೆ ಜಾಗ ವ್ಯರ್ಥವಾಗುವುದೇ ಹೊರತು ಹೊಸದೇನೂ ಹುಟ್ಟುವುದಿಲ್ಲ. ಒಂದೇ ವಾಹಿನಿಯ ದಾಖಲೆಯನ್ನು ಎರಡು ಮಾಡಬೇಕಾಗಿಯೂ ಇಲ್ಲ. ಬಿಡಿಸಿದ ದನಿಯನ್ನು ‘32 ಬಿಟ್ ಫ್ಲೋಟ್’ ಎಂಬ ವೇವ್ ಬಗೆಯಲ್ಲಿ ಉಳಿಸಿದರೆ ಒಳ್ಳೆಯದು. ಎಂಪಿ3 ಬಿಡಿಸಿದಾಗ ಕೆಲವು ಅಲೆಗಳ ತುದಿ ನಿಗದಿತ ಎತ್ತರವನ್ನು ಮೀರುವುದುಂಟು. 16 ಬಿಟ್‌ನಲ್ಲಿ ಆ ತುದಿ ಮೊಟಕಾಗುತ್ತದೆ, ಫ್ಲೋಟ್ ಬಗೆಯಲ್ಲಿ ಉಳಿದುಕೊಳ್ಳುತ್ತದೆ. ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಒಂದು ವೇವ್ ಪ್ರತಿಯನ್ನು ಭದ್ರವಾಗಿಟ್ಟು, ಹಂಚುವುದಕ್ಕೆ ಬೇಕಾದರೆ ಅದರಿಂದ ಒಮ್ಮೆ ಮಾತ್ರ ಎಂಪಿ3 ಮಾಡಿಕೊಳ್ಳಿರಿ. ಆ ಎಂಪಿ3ಯನ್ನು ಮತ್ತೆ ತಿದ್ದಬೇಡಿರಿ. ತಿದ್ದಬೇಕೆನಿಸಿದಾಗ ವೇವ್‌ಗೇ ಹಿಂದಿರುಗಿರಿ.

ಜಾಗದ ಚಿಂತೆಯಿರುವವರಿಗೆ ಇನ್ನೊಂದು ದಾರಿಯಿದೆ. ಜಾಶ್ ಕೋಲ್ಸನ್ ರೂಪಿಸಿ 2001ರಲ್ಲಿ ಪೂರ್ಣಗೊಳಿಸಿದ ‘ಫ್ಲ್ಯಾಕ್’ ಎಂಬುದೂ ಕುಗ್ಗಿಸುವ ವಿಧಾನವೇ. ಆದರೆ ಅದು ಸಾರಾಂಶವಲ್ಲ, ಶೀಘ್ರಲಿಪಿ. ನಿಪುಣ ಬರಹಗಾರ ಶೀಘ್ರಲಿಪಿಯಿಂದ ಭಾಷಣವನ್ನು ಪದ ಬಿಡದೆ ಮರಳಿ ಬರೆಯುವಂತೆ, ಫ್ಲ್ಯಾಕ್ ಬಿಡಿಸಿದಾಗ ಮೂಲದ ಒಂದೊಂದು ಬಿಟ್ಟೂ ಮರಳುತ್ತದೆ. ಅನೇಕ ದಾಖಲೆಗಳು ಇದರಲ್ಲಿ ಸುಮಾರು ಅರ್ಧದಷ್ಟಕ್ಕೆ ಇಳಿಯುತ್ತವೆ. ಹಾಗೆ ನೋಡಿದರೆ ಇಂದು ಜಾಗಕ್ಕೆ ಅಂಥ ಬರವೇನೂ ಇಲ್ಲ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟನ್ನು 96,000 ಅಳತೆ, 24 ಬಿಟ್‌ನಲ್ಲಿ ಒಂದೇ ವಾಹಿನಿಯಾಗಿ ದಾಖಲಿಸಿದರೆ ಸುಮಾರು 1.6 ಗಿಗಾಬೈಟ್ ಆಗುತ್ತದೆ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ತನ್ನ ಮಾರ್ಗಸೂಚಿಯಲ್ಲಿ ಹಳೆಯ ಟೇಪುಗಳಿಗೆ ಕನಿಷ್ಠ 48,000 ಅಳತೆ, 24 ಬಿಟ್ ಇರಬೇಕೆಂದೂ, ನಷ್ಟವಾಗುವಂತೆ ಕುಗ್ಗಿಸಬಾರದೆಂದೂ ಹೇಳುತ್ತದೆ. ದೊಡ್ಡ ಸಂಗ್ರಹಾಲಯಗಳ ಈ ನಿಯಮವನ್ನು ಮನೆಯಲ್ಲಿಯೂ ಪಾಲಿಸಬಹುದು.

ಇನ್ನೊಂದು ಮಾತು. ಎಂಪಿ3ಯಿಂದ ಹುಟ್ಟಿದ ವೇವ್ ಕಡತ ನೋಡಲು ಮೂಲದಂತೆಯೇ ಇರುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಅದನ್ನು ಕಂಡವರು ಇದೇ ಮೂಲವೆಂದು ನಂಬಿ ಉಳಿದುದನ್ನು ಎಸೆದುಬಿಡುವ ಅಪಾಯವಿದೆ. ಆದ್ದರಿಂದ ಕಡತದ ಹೆಸರಿನಲ್ಲಿಯೇ ಅದರ ಹುಟ್ಟನ್ನು ಬರೆಯಿರಿ: ಯಾರ ದನಿ, ಯಾವ ಊರು, ಯಾವ ವರ್ಷ, ಟೇಪಿನಿಂದ ಬಂದದ್ದೋ ಎಂಪಿ3ಯಿಂದ ಬಂದದ್ದೋ. ಚರಿತ್ರೆಯ ಪಾಠದಲ್ಲಿ ಶಾಸನಕ್ಕೂ ಅದರ ನಕಲಿಗೂ ಇರುವ ವ್ಯತ್ಯಾಸವನ್ನು ಓದಿದ್ದೀರಿ. ಶಾಸನದ ಪಾಠ ಅಚ್ಚಾಯಿತೆಂದು ಕಲ್ಲನ್ನು ಒಡೆದು ಕಟ್ಟಡಕ್ಕೆ ಬಳಸುವವರನ್ನು ನಾವು ವಿವೇಕಿಗಳೆನ್ನುವುದಿಲ್ಲ. ಕ್ಯಾಸೆಟ್ಟಿನ ವಿಷಯದಲ್ಲಿಯೂ ಅದೇ ವಿವೇಕ ಬೇಕು. ಸಿಡಿಗೆ ಹಾಕಿಸಿದ್ದೇವೆಂದು, ಮೊಬೈಲಿಗೆ ಬಂದಿದೆಯೆಂದು ಟೇಪನ್ನು ಎಸೆಯಬೇಡಿರಿ.

ಮುಂದೆ ದಾಖಲಿಸುವವರಿಗೂ ಒಂದು ಸೂಚನೆ. ವಾಟ್ಸಾಪಿನಲ್ಲಿ ಗುಂಡಿಯೊತ್ತಿ ಕಳಿಸುವ ಧ್ವನಿಸಂದೇಶ ಹುಟ್ಟುವಾಗಲೇ ಕುಗ್ಗಿಕೊಂಡು ಹುಟ್ಟುತ್ತದೆ. ಅದರೊಳಗಿರುವ ‘ಓಪಸ್’ ಎಂಬ, 2012ರಲ್ಲಿ ಮಾನಕವಾದ ವಿಧಾನ ಎಂಪಿ3ಗಿಂತ ಜಾಣತನದ್ದು, ದಿನನಿತ್ಯದ ಮಾತಿಗೆ ಧಾರಾಳವಾಗಿ ಸಾಕು. ಆದರೆ ಅಜ್ಜಿಯ ಪದವನ್ನು, ತಾತನ ಊರಿನ ಕಥೆಯನ್ನು ಹಿಡಿದಿಡುವುದಕ್ಕೆ ಅದು ತಕ್ಕುದಲ್ಲ. ವೇವ್‌ನಲ್ಲಿ ದಾಖಲಿಸುವ ತಂತ್ರಾಂಶಗಳು ಮೊಬೈಲಿಗೂ ಉಚಿತವಾಗಿ ಸಿಗುತ್ತವೆ. ಅದರಲ್ಲಿ ದಾಖಲಿಸಿ, ಕಳಿಸುವಾಗ ಡಾಕ್ಯುಮೆಂಟ್ ಎಂದು ಲಗತ್ತಿಸಿರಿ.

ಹಾಡುವವರು, ಕಥೆ ಹೇಳುವವರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದರೆ ಈ ಬೇಸಿಗೆಯ ರಜೆಯಲ್ಲಿಯೇ ಆ ಕೆಲಸವನ್ನು ಮಾಡಿರಿ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಅವನ್ನು ಕೆಳಗಿಳಿಸಿ, ಬೂಷ್ಟು ಹಿಡಿದಿದೆಯೇ ನೋಡಿರಿ. ಹಿಡಿದಿದ್ದರೆ ಯಂತ್ರಕ್ಕೆ ಹಾಕುವ ಮುನ್ನ ಬಲ್ಲವರಿಗೆ ತೋರಿಸಿರಿ. ನನ್ನ ಬಳಿ ಒಳ್ಳೆಯ ಸ್ಥಿತಿಯಲ್ಲಿರುವ ಒಂದು ಕ್ಯಾಸೆಟ್ ಯಂತ್ರವೂ ಬಿಡುವೂ ಎರಡೂ ಇವೆ. ಯಾರಿಗಾದರೂ ಬೇಕಿದ್ದಲ್ಲಿ ಸಂಕೋಚವಿಲ್ಲದೆ ಬರೆಯಿರಿ. ಕ್ಯಾಸೆಟ್ಟನ್ನು ಮರಳಿಸುವ ಹೊಣೆ ನನ್ನದು.

ಎಲ್ಲರಿಗೂ ಶುಭವಾಗಲಿ.